ಗಾಡಿ ಅದುರಿದ ಕೂಡ್ಲೇ ಇಂಜಿನ್ ಬಿಚ್ಚಿಸಬೇಡ್ರಿ

ಸಂಪಾದಕರಿಗೆ ನಮಸ್ಕಾರ,

ದಾವಣಗೆರೆಯಲ್ಲಿ ಲೇತ್ (ಲೋಹ ಕಡೆಯೋ ಯಂತ್ರ) ಇಟ್ಕೊಂಡು ಬೈಕ್‌ಗಳ ಕ್ರ್ಯಾಂಕ್ (ಪಿಸ್ಟನ್‌ನ ಓಡಾಟಾನ ಸುತ್ತಾಟ ಮಾಡೋ ಶಾಫ್ಟ್), ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ಕೊರೆಯೋದು) ಕೆಲಸ ಮಾಡೋನು ನಾನು. ಊರಿನ ಗ್ಯಾರೇಜ್‌ಗಳಿಂದಷ್ಟೇ ಅಲ್ಲ, ಜಗಳೂರು, ಹೊನ್ನಾಳಿ, ಮಲೇಬೆನ್ನೂರು, ಭರಮಸಾಗರ ಕಡೆಯಿಂದೆಲ್ಲ ಕ್ರ್ಯಾಂಕು, ಸಿಲಿಂಡರ್ ಬ್ಲಾಕು ಗೋಣಿಚೀಲದಲ್ಲಿ ಸುತ್ಕೊಂಡು ನಮ್ಮ ಅಂಗಡಿಗೆ ಬರ್ತಾವೆ. ಅದ್ರಲ್ಲಿ ಎಷ್ಟೋ ಕ್ರ್ಯಾಂಕ್‌ಗೆ ಏನೂ ಆಗಿರೋದಿಲ್ಲ. ಗಾಡಿ ವೈಬ್ರೇಶನ್ ಬರ್ತಿತ್ತು, ಇಂಜಿನ್ ಇಳಿಸಿದ್ರು, ಅಷ್ಟೇ ಕಾರಣ. ಕೆಲಸ ಬಂದ್ರೆ ನನಗೆ ದುಡ್ಡು ಅನ್ನೋದು ನಿಜ, ಆದ್ರೆ ಹಾಲು ಹಾಕಿ, ಕೂಲಿ ಮಾಡಿ ಗಾಡಿ ಓಡಿಸೋ ಜನರ ಜೇಬಿಂದ ಸುಮ್ಮಸುಮ್ಮನೆ ಎಂಟತ್ತು ಸಾವಿರ ಹೋಗೋದನ್ನ ನೋಡಕ್ಕಾಗ್ದೆ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಹಾಕಿ.

ನಮ್ಮ ಕಡೆ ಹಳೇ ಬೈಕ್ ಅಂದ್ರೆ ಷೋಕಿಗೆ ಇಟ್ಕೊಂಡಿರೋದು ಕಮ್ಮಿ, ದುಡಿಮೆಗೆ ಇಟ್ಕೊಂಡಿರೋದೇ ಜಾಸ್ತಿ. ಹೀರೋ ಹೋಂಡಾ ಸ್ಪ್ಲೆಂಡರ್ ಬಂದಿದ್ದು 1994ರಲ್ಲಿ, ಆ ಕಂಪನಿ ಎರಡಾಗಿ ಹೋಗಿ ಎಷ್ಟೋ ವರ್ಷ ಆಯ್ತು, ಆದ್ರೆ ಟ್ಯಾಂಕ್ ಮೇಲೆ ಹೀರೋ ಹೋಂಡಾ ಅಂತಿರೋ ಗಾಡಿಗಳು ಇವತ್ತೂ ಮೆಕ್ಕೆಜೋಳದ ಚೀಲ ಹೇರ್ಕೊಂಡು, ಎರಡೂ ಕಡೆ ಹಾಲಿನ ಕ್ಯಾನ್ ನೇತಾಕ್ಕೊಂಡು ಓಡಾಡ್ತಾನೇ ಇದಾವೆ. 15 ವರ್ಷ ಆದ್ಮೇಲೆ ಆರ್‌ಸಿ ರಿನ್ಯೂವಲ್ ಮಾಡಿಸಿ ಇನ್ನೈದು ವರ್ಷ, ಮತ್ತೆ ಐದು ವರ್ಷ ಅಂತ ಓಡಿಸೋರು ಬಹಳ ಜನ. ಇಂಥ ಗಾಡಿಗೆ ಯಾವತ್ತೋ ಒಂದಿನ ಅದುರಾಟ ಶುರುವಾಗುತ್ತೆ, ಹ್ಯಾಂಡಲ್ ಹಿಡಿದ ಕೈ ಜುಮ್ ಅನ್ನುತ್ತೆ, ಫುಟ್‌ರೆಸ್ಟ್ ಮೇಲಿಟ್ಟ ಕಾಲು ಮರಗಟ್ಟುತ್ತೆ, ಮಿರರ್‌ನಲ್ಲಿ ಹಿಂದಿನ ಲಾರಿ ಎರಡೆರಡು ಕಾಣುತ್ತೆ. ಗ್ಯಾರೇಜಿಗೆ ಹೋದ್ರೆ ಸ್ಟ್ಯಾಂಡ್ ಹಾಕಿ ಒಂದ್ಸಲ ರೇಸ್ ಮಾಡಿ, ಕಿವಿ ಕೊಟ್ಟು, "ಇಂಜಿನ್ ಕೆಲಸ ಐತಿ ಅಣ್ಣ, ಇಳಿಸ್ಬೇಕು" ಅಂತಾರೆ. ಗಾಡಿ ಓಡಿಸಿ ನೋಡೋದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ. ಅದುರಾಟ ಎಲ್ಲಿಂದ ಬರ್ತಿದೆ ಅನ್ನೋದನ್ನ ರೋಡ್ ಮೇಲೆ ಬೇರ್ಪಡಿಸಿ ನೋಡ್ದೆ ಪಾನಾ ಕೈಗೆ ತಗೋಬಾರ್ದು.

ಮೊದಲು ಒಂದು ಮಾತು. ಸಿಂಗಲ್ ಸಿಲಿಂಡರ್ ಇಂಜಿನ್ ಅದುರೋದೇ. ಪಿಸ್ಟನ್ ಮೇಲೆ ಹೋಗಿ ನಿಲ್ಲುತ್ತೆ, ಕೆಳಗೆ ಬಂದು ನಿಲ್ಲುತ್ತೆ, ಕ್ರ್ಯಾಂಕ್ ಒಂದು ಸುತ್ತು ಸುತ್ತೋದ್ರೊಳಗೆ ಇದು ಆಗುತ್ತೆ. ಆ ಹೊಡೆತ ತಡೆಯೋಕೆ ಕ್ರ್ಯಾಂಕ್‌ನ ಎದುರು ಬದಿಗೆ ತೂಕ ಇಟ್ಟಿರ್ತಾರೆ, ಆದ್ರೆ ಪೂರ್ತಿ ತೂಕ ಇಟ್ರೆ ಮೇಲೆ-ಕೆಳಗಿನ ಹೊಡೆತ ಹೋಗಿ ಹಿಂದೆ-ಮುಂದೆ ಹೊಡೆಯೋಕೆ ಶುರು ಮಾಡುತ್ತೆ, ಹಂಗಾಗಿ ಕಂಪನಿಯೋರು ಫ್ರೇಮ್ ನೋಡ್ಕೊಂಡು ಅರ್ಧದ ಆಸುಪಾಸು ಎಲ್ಲೋ ಒಂದು ಕಡೆ ಹೊಂದಿಸಿ ಬಿಟ್ಟಿರ್ತಾರೆ. ಉಳಿದಿದ್ದು ನಮ್ಮ ಕೈಗೆ ಕಾಲಿಗೆ ಬರುತ್ತೆ. ಹಳೇ ಎರಕದ ಕಬ್ಬಿಣದ ಇಂಜಿನ್ ಬುಲೆಟ್ 350ರಲ್ಲಿ ಬೋರ್ ಅಂದ್ರೆ ಸಿಲಿಂಡರ್ ಅಗಲ 70 ಮಿ.ಮೀ., ಸ್ಟ್ರೋಕ್ ಅಂದ್ರೆ ಪಿಸ್ಟನ್ ಓಡಾಟ 90 ಮಿ.ಮೀ., ಅಷ್ಟು ದೊಡ್ಡ ಪಿಸ್ಟನ್ ಅಷ್ಟು ಉದ್ದ ಓಡಾಡ್ಬೇಕಾದ್ರೆ ಸುಮ್ಮನೆ ಇರುತ್ತಾ? 2020ರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ ಜೊತೆ ಬಂದ ಹೊಸ 350 ಇಂಜಿನ್‌ಗೆ ಒಳಗಡೆ ಬ್ಯಾಲೆನ್ಸರ್ ಶಾಫ್ಟ್ (ಅದುರಾಟ ತಗ್ಗಿಸೋ ತೂಕದ ಶಾಫ್ಟ್) ಹಾಕಿದ್ದಾರೆ, ಅದನ್ನ ಓಡಿಸಿ ಬಂದೋನು ಅಪ್ಪನ ಕಾಲದ ಬುಲೆಟ್ ಹತ್ತಿದ್ರೆ ಇದು ಕೆಟ್ಟೋಗಿದೆ ಅಂತಾನೇ ಅನ್ಸುತ್ತೆ. ನಿಮ್ಮ ಗಾಡಿ ಚೆನ್ನಾಗಿದ್ದಾಗ ಯಾವ ಸ್ಪೀಡಲ್ಲಿ ಎಷ್ಟು ಅದುರ್ತಿತ್ತು ಅನ್ನೋದು ನಿಮಗೇ ಗೊತ್ತಿರ್ಬೇಕು, ಹೊಸದಾಗಿ ಬಂದಿದ್ದು ಯಾವುದು ಅಂತ ಮೆಕ್ಯಾನಿಕ್‌ಗೆ ಹೇಳೋನು ಗಾಡಿ ಓಡಿಸೋನೇ.

ಯಾವಾಗಿಂದ ಶುರುವಾಯ್ತು ಅನ್ನೋ ಪ್ರಶ್ನೆಗೆ ಅರ್ಧ ರೋಗ ಸಿಗುತ್ತೆ. ಪಂಕ್ಚರ್ ಹಾಕ್ಸಿದ ಮಾರನೇ ದಿನದಿಂದಾನಾ? ಹಂಗಾದ್ರೆ ಟೈರ್ ರಿಮ್ ಮೇಲೆ ಸರಿಯಾಗಿ ಕೂತಿಲ್ಲ, ಟೈರ್ ಪಕ್ಕದಲ್ಲಿ ರಿಮ್ ಅಂಚಿಗೆ ಒಂದು ಗೆರೆ ಸುತ್ತಲೂ ಇರುತ್ತೆ, ಒಂದು ಕಡೆ ಆ ಗೆರೆ ಒಳಗೆ ಮುಳುಗಿದ್ರೆ ಗಾಳಿ ತೆಗೆದು ಸೋಪ್ ನೀರು ಹಾಕಿ ಮತ್ತೆ ಕೂರಿಸ್ಬೇಕು, ಮುಗೀತು. ಹೊಸ ಚೈನ್ ಸೆಟ್ ಹಾಕ್ಸಿದ್ಮೇಲೆ ಬಂತಾ? ಹಿಂದಿನ ಚಕ್ರದ ಎರಡೂ ಕಡೆ ಅಡ್ಜಸ್ಟರ್‌ನ ಮಾರ್ಕ್ ಒಂದೇ ಗೆರೆಗಿದೆಯಾ ನೋಡ್ರಿ. ಸೈಲೆನ್ಸರ್ ಬದಲಾಯ್ಸಿದ್ಮೇಲೆ ಬಂತಾ? ಎಳೆದು ಬಲವಂತವಾಗಿ ಬೋಲ್ಟ್ ಹಾಕಿರ್ತಾರೆ, ಆ ಪೈಪು ಇಂಜಿನ್ ಅದುರಾಟ ಎಲ್ಲಾನೂ ತಗೊಂಡೋಗಿ ಫ್ರೇಮ್‌ಗೆ ಕೊಡ್ತಿರುತ್ತೆ. ಬೋರ್ ಮಾಡ್ಸಿದ್ಮೇಲೆ ಅಂದ್ರೆ ಅದು ಬೇರೆ ಕಥೆ, ಮುಂದೆ ಹೇಳ್ತೀನಿ.

ಆಮೇಲೆ ಗಾಡಿ ಓಡಿಸ್ಬೇಕು. ಹೈವೇನಲ್ಲಿ ಬ್ಯಾಡ, ಜನ-ಗಾಡಿ ಇಲ್ಲದ ನೇರ ರೋಡ್ ಸಾಕು. ಮೊದಲು ನ್ಯೂಟ್ರಲ್‌ನಲ್ಲಿ ಗಾಡಿ ಮೇಲೆ ಕೂತು ನಿಧಾನಕ್ಕೆ ಆಕ್ಸಿಲೇಟರ್ ಕೊಡ್ರಿ, ಡಬಲ್ ಸ್ಟ್ಯಾಂಡ್ ಹಾಕಿ ಅಲ್ಲ, ಸ್ಟ್ಯಾಂಡ್ ಹಾಕಿದ್ರೆ ಅದುರಾಟದ ರೀತಿನೇ ಬೇರೆ ಆಗುತ್ತೆ. ನಿಂತಲ್ಲೇ ಅದೇ ಜುಮ್ ಬಂದ್ರೆ ಇಂಜಿನ್ ಕಡೆ ಅಥವಾ ಇಂಜಿನ್ ಕೂತಿರೋ ಬೋಲ್ಟ್‌ಗಳ ಕಡೆ ನೋಡ್ಬೇಕು. ನಿಂತಾಗ ಬರ್ದೆ ಓಡ್ವಾಗ ಮಾತ್ರ ಬಂದ್ರೆ, ಟಾಪ್ ಗೇರಲ್ಲಿ 40ರಲ್ಲಿ ಹೋಗಿ ನೋಡ್ರಿ, ಆಮೇಲೆ ಅದೇ 40ರಲ್ಲಿ ಒಂದು ಗೇರ್ ಇಳಿಸಿ ನೋಡ್ರಿ. ಚಕ್ರದ ಸ್ಪೀಡ್ ಅಷ್ಟೇ ಇದೆ, ಇಂಜಿನ್ ಮಾತ್ರ ಜೋರಾಗಿ ಸುತ್ತುತಿದೆ. ಅದುರಾಟ ಬದಲಾದ್ರೆ ಅದು ಇಂಜಿನ್ ಹಿಂದೆ ಹೋಗ್ತಿದೆ ಅಂತ ಅರ್ಥ, ಒಂಚೂರೂ ಬದಲಾಗ್ಲಿಲ್ಲ ಅಂದ್ರೆ ಚಕ್ರ, ಟೈರ್, ಬೇರಿಂಗ್, ಚೈನ್ ಕಡೆ. ಇನ್ನೊಂದು, ಅದುರ್ತಿರೋ ಸ್ಪೀಡಲ್ಲೇ ಕ್ಲಚ್ ಪೂರ್ತಿ ಹಿಡಿದು ಆಕ್ಸಿಲೇಟರ್ ಬಿಟ್ಟು ಗಾಡಿ ತಾನೇ ಉರುಳೋಕೆ ಬಿಡ್ರಿ. ಆಗ್ಲೂ ಅದುರಿದ್ರೆ ಇಂಜಿನ್ ಮುಟ್ಟೋ ಮಾತೇ ಇಲ್ಲ. ನಿಂತೋದ್ರೆ ಮಾತ್ರ ತಕ್ಷಣ ಇಂಜಿನ್ ಅಂತ ತೀರ್ಮಾನ ಮಾಡ್ಬೇಡ್ರಿ, ಯಾಕಂದ್ರೆ ಕ್ಲಚ್ ಹಿಡಿದಾಗ ಚೈನ್ ಮೇಲಿನ ಎಳೆತಾನೂ ಹೋಗಿರುತ್ತೆ, ಎಳೆಯುವಾಗ ಮಾತ್ರ ತೊಂದ್ರೆ ಕೊಡೋ ಚೈನು, ಹಿಂದಿನ ಚಕ್ರದ ಹಬ್ ಒಳಗೆ ಚೈನಿನ ಹೊಡೆತ ತಡೆಯೋ ಡ್ಯಾಂಪರ್ ರಬ್ಬರ್ ಕೂಡ ಆವಾಗ ಸುಮ್ಮನಾಗ್ತಾವೆ. ಬಹಳಷ್ಟು ಮೆಕ್ಯಾನಿಕ್‌ಗಳು ತಪ್ಪೋದು ಈ ಜಾಗದಲ್ಲೇ.

ಅದುರಾಟದ ರೀತಿಯಿಂದಾನೂ ಗೊತ್ತಾಗುತ್ತೆ, ಇದಕ್ಕೆ ಸಣ್ಣ ಲೆಕ್ಕ ಸಾಕು. 2.75-18 ಟೈರ್‌ನ ಸುತ್ತಳತೆ ಹೆಚ್ಚುಕಮ್ಮಿ 1.9 ಮೀಟರ್, 60 ಕಿ.ಮೀ. ಸ್ಪೀಡಲ್ಲಿ ಆ ಚಕ್ರ ಸೆಕೆಂಡಿಗೆ 9 ಸುತ್ತಿನ ಆಸುಪಾಸು ಸುತ್ತುತ್ತೆ. ಅದೇ ಇಂಜಿನ್ 6000 ಆರ್‌ಪಿಎಂನಲ್ಲಿದ್ರೆ ಸೆಕೆಂಡಿಗೆ 100 ಸುತ್ತು. ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) 14 ಹಲ್ಲು, ಹಿಂದಿನದು 42 ಅಂತ ಇಟ್ಕೊಂಡ್ರೆ ಮುಂದಿನದು ಚಕ್ರದ ಮೂರರಷ್ಟು, ಅಂದ್ರೆ 27 ಸುತ್ತು. ಹಂಗಾಗಿ ಸೀಟಿನ ಕೆಳಗೆ ದಡ ದಡ ಅಂತ ಒಂದೊಂದು ಹೊಡೆತ ಬೇರೆ ಬೇರೆ ಗೊತ್ತಾಗ್ತಿದ್ರೆ ಅದು ಚಕ್ರ, ಕೈ ಒಳಗೆ ಇರುವೆ ಹರಿದಂಗೆ ಸಣ್ಣಗೆ ಒಂದೇ ಸಮ ಜುಮ್ಮೆಂದ್ರೆ ಅದು ಇಂಜಿನ್ನು, ಎರಡರ ನಡುವೆ ಗರ ಗರ ಅನ್ನೋ ಥರ ಇದ್ರೆ ಚೈನು, ಸ್ಪ್ರಾಕೆಟ್ಟು. ಯಾವ ಯಂತ್ರಾನೂ ಬೇಡ, ಗಮನ ಇಟ್ಟು ಓಡಿಸಿದ್ರೆ ಸಾಕು.

ಚೈನ್ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳ್ಬೇಕು, ಯಾಕಂದ್ರೆ ಸ್ಪ್ಲೆಂಡರ್ ಥರ ಗಾಡಿಲಿ ಚೈನು ಕವರ್ ಒಳಗಿರುತ್ತೆ, ಕಣ್ಣಿಗೆ ಬೀಳೋದೇ ಇಲ್ಲ, ಸರ್ವಿಸ್ ಅಂದ್ರೆ ಕವರ್‌ನ ರಬ್ಬರ್ ಮುಚ್ಚಳ ತೆಗೆದು ಬೆರಳಾಡಿಸಿ "ಲೂಸ್ ಆಗೈತಿ" ಅಂತ ಟೈಟ್ ಮಾಡಿ ಕಳಿಸ್ತಾರೆ. ಹಳೇ ಚೈನು ಎಲ್ಲ ಕಡೆ ಒಂದೇ ಸಮ ಸವೆಯೋದಿಲ್ಲ ಸ್ವಾಮಿ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರಾನ ಕೈಯಲ್ಲಿ ನಿಧಾನಕ್ಕೆ ತಿರುಗಿಸ್ತಾ, ಸ್ವಲ್ಪ ಸ್ವಲ್ಪ ದೂರಕ್ಕೊಂದ್ಸಲ ನಿಲ್ಲಿಸಿ ಚೈನ್ ಎತ್ತಿ ನೋಡ್ರಿ. ಒಂದು ಕಡೆ 30 ಮಿ.ಮೀ. ಆಡುತ್ತೆ, ಇನ್ನೊಂದು ಕಡೆ ಬಿಗಿಯಾಗಿ ತಂತಿ ಥರ ನಿಂತಿರುತ್ತೆ. ಲೂಸ್ ಇರೋ ಕಡೆ ನೋಡಿ ಟೈಟ್ ಮಾಡಿದ್ರೆ ಬಿಗಿ ಜಾಗ ಬಂದಾಗಲೆಲ್ಲ ಗೇರ್‌ಬಾಕ್ಸ್ ಶಾಫ್ಟ್‌ನ ಬೇರಿಂಗ್ ಎಳೆದು ಎಳೆದು ಬಿಡುತ್ತೆ, ಅದೇ ಅದುರಾಟ, ಬಿಟ್ರೆ ಆ ಬೇರಿಂಗೂ ಹೋಗುತ್ತೆ, ಆವಾಗ ನಿಜಕ್ಕೂ ಇಂಜಿನ್ ಬಿಚ್ಚಬೇಕಾಗುತ್ತೆ. ಆಟ ಬಿಡೋದು ಯಾವತ್ತೂ ಬಿಗಿಯಾಗಿರೋ ಜಾಗದಲ್ಲಿ ಅಳತೆ ಮಾಡಿ. ಬಿಗಿ ಜಾಗ ಚೈನ್‌ದಾ ಸ್ಪ್ರಾಕೆಟ್‌ದಾ ಅಂತ ಹೇಳೋಕೆ ಟೈರ್‌ಗೊಂದು, ಚೈನ್ ಕೊಂಡಿಗೊಂದು ಸೀಮೆಸುಣ್ಣದ ಗುರುತು ಹಾಕ್ರಿ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಬಿಗಿ ಆದ್ರೆ ಹಿಂದಿನ ಸ್ಪ್ರಾಕೆಟ್ ಔಟ್ ಆಗಿದೆ, ಅಂದ್ರೆ ದುಂಡು ತಪ್ಪಿದೆ. ಚೈನಿಗೆ ನೂರು ಚಿಲ್ಲರೆ ಕೊಂಡಿ, ಸ್ಪ್ರಾಕೆಟ್‌ಗೆ 42 ಹಲ್ಲು, ಹಂಗಾಗಿ ಚೈನ್ ಒಂದು ಸುತ್ತು ಬರೋದ್ರೊಳಗೆ ಚಕ್ರ ಎರಡೂವರೆ ಸುತ್ತು ಹಾಕಿರುತ್ತೆ, ಅಷ್ಟಕ್ಕೊಂದ್ಸಲ ಚೈನ್ ಗುರುತಿನ ಜೊತೆಗೇ ಬಿಗಿ ಆದ್ರೆ ತುಕ್ಕು ಹಿಡಿದು ಕಚ್ಕೊಂಡಿರೋ ಕೊಂಡಿ. ಹಿಂದಿನ ಸ್ಪ್ರಾಕೆಟ್‌ನ ಹಿಂಭಾಗದಲ್ಲಿ ಚೈನ್ ಹಿಡಿದು ಎಳೆದಾಗ ಅರ್ಧ ಹಲ್ಲು ಕಾಣೋವಷ್ಟು ಎದ್ರೆ ಚೈನ್ ಆಯಸ್ಸು ಮುಗೀತು, ಎರಡು ಸ್ಪ್ರಾಕೆಟ್ ಸಮೇತ ಸೆಟ್ ಹಾಕ್ಸಿ, ಚೈನ್ ಒಂದೇ ಹಾಕ್ಸಿ ದುಡ್ಡು ಉಳಿಸಿದೆ ಅನ್ಕೋಬೇಡ್ರಿ.

ಚೈನ್ ನೋಡ್ವಾಗಲೇ ಹಬ್ ಒಳಗಿನ ಡ್ಯಾಂಪರ್ ರಬ್ಬರ್ ನೋಡ್ಬಿಡಬೇಕು. ರಬ್ಬರ್ ಹೋಗಿದ್ರೆ, ಗೇರ್ ಹಾಕಿಟ್ಟು ಚಕ್ರಾನ ಹಿಂದೆ ಮುಂದೆ ಆಡಿಸಿದಾಗ ಟಕ್ ಟಕ್ ಅಂತ ಸ್ಪ್ರಾಕೆಟ್ ಒಂದು ಕಡೆ, ಹಬ್ ಒಂದು ಕಡೆ ಆಡುತ್ತೆ, ಬಿಚ್ಚಿದ್ರೆ ರಬ್ಬರ್ ಪುಡಿಪುಡಿಯಾಗಿ ಕೈಗೆ ಬರುತ್ತೆ. ಸಂದಿಗೆ ಹಳೇ ಟ್ಯೂಬ್ ತುಂಡು ತುರುಕೋದು ನಮ್ಮ ಕಡೆ ರೂಢಿ, ಅದು ನಾಲ್ಕು ದಿನದ ಮಾತು. ಕಂಪನಿ ರಬ್ಬರ್ ಸೆಟ್‌ಗೆ ಆಗೋ ಖರ್ಚು ಇಂಜಿನ್ ಕೆಲಸದ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಬುಶ್, ಚಕ್ರದ ಬೇರಿಂಗ್ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿದ್ರೆ ಗೊತ್ತಾಗುತ್ತೆ, ಅದನ್ನ ಎಲ್ಲರೂ ಬಲ್ಲರು.

ಇನ್ನು ಫೌಂಡೇಶನ್ ಬೋಲ್ಟ್, ಅಂದ್ರೆ ಇಂಜಿನ್ನ ಫ್ರೇಮ್‌ಗೆ ಹಿಡಿದಿಡೋ ಉದ್ದ ಬೋಲ್ಟ್‌ಗಳು. ಆನಗೋಡು ಕಡೆಯ ಒಬ್ಬ ಹುಡುಗ, ಹಾಲು ಹಾಕೋನು, ಅವನ ಸ್ಪ್ಲೆಂಡರ್‌ನ ಒಂದು ಗ್ಯಾರೇಜಲ್ಲಿ ಇಂಜಿನ್ ಇಳಿಸಿ ಬೋರ್ ಪಿಸ್ಟನ್ ಎಲ್ಲ ಮಾಡ್ಸಿದ್ರು, ಅದುರಾಟ ಕಮ್ಮಿ ಆಗ್ಲಿಲ್ಲ, ಕ್ರ್ಯಾಂಕ್ ಹೋಗೈತಿ ಅಂತ ಮತ್ತೆ ಇಳಿಸಿ ನನ್ನ ಹತ್ರ ಕಳಿಸಿದ್ರು. ಕ್ರ್ಯಾಂಕ್ ಡಯಲ್ ಗೇಜ್‌ಗೆ (ಸಣ್ಣ ಓರೆನೂ ಮುಳ್ಳಲ್ಲಿ ತೋರ್ಸೋ ಅಳತೆ ಸಾಧನ) ಇಟ್ರೆ ಮುಳ್ಳು ಜಾಗ ಬಿಟ್ಟು ಕದಲ್ತಿಲ್ಲ, ಪಿಸ್ಟನ್‌ನ ಕ್ರ್ಯಾಂಕ್‌ಗೆ ಸೇರಿಸೋ ಕನೆಕ್ಟಿಂಗ್ ರಾಡ್‌ಗೂ ಆಟ ಇಲ್ಲ. ಗಾಡಿನೇ ತರ್ಸಪ್ಪ ಅಂದೆ, ಟೆಂಪೋದಲ್ಲಿ ಖಾಲಿ ಫ್ರೇಮ್ ಹಾಕ್ಕೊಂಡು ಬಂದ. ಇಂಜಿನ್ ಹಿಂದಿನ ಬ್ರಾಕೆಟ್ ತೂತಿನ ಸುತ್ತ ಕುಂಕುಮಕ್ಕಿಂತ ಸ್ವಲ್ಪ ಕಪ್ಪನೆಯ ಕೆಂಪು ಪುಡಿ ಮೆತ್ಕೊಂಡಿತ್ತು. ಮಳೆ ತುಕ್ಕು ಹಂಗಿರಲ್ಲ, ಎರಡು ಕಬ್ಬಿಣ ಒಂದಕ್ಕೊಂದು ಸಣ್ಣಗೆ ಉಜ್ಜಾಡಿದಾಗ ಬರೋ ಪುಡಿ ಅದು. ಬೋಲ್ಟ್ ತೆಗೆದು ನೋಡಿದ್ರೆ ಬ್ರಾಕೆಟ್ ಕೂರೋ ಜಾಗದಲ್ಲಿ ಸೊಂಟ ಸವೆದು ಕನ್ನಡಿ ಥರ ಹೊಳೀತಿತ್ತು, ತೂತು ದುಂಡಗಿಲ್ದೆ ಮೊಟ್ಟೆ ಆಕಾರಕ್ಕೆ ಬಂದಿತ್ತು. "ಅಣ್ಣ, ಹಂಗಾದ್ರೆ ಇಂಜಿನ್‌ಗೆ ಏನೂ ಆಗಿರ್ಲಿಲ್ವಾ?" ಅಂತ ಕೇಳ್ದ, ಅವನ ಮುಖ ನೋಡೋಕಾಗ್ಲಿಲ್ಲ ನನಗೆ. ತೂತು ತುಂಬಿಸಿ ಸರಿಯಾದ ಅಳತೆಗೆ ಕೊರೆದು ಹೊಸ ಬೋಲ್ಟ್ ಹಾಕಿದ್ವಿ, ಅದುರಾಟ ನಿಂತೋಯ್ತು. ಬೋಲ್ಟ್ ಬಿಗಿ ಮಾಡೋದ್ರಲ್ಲೂ ಒಂದು ಕ್ರಮ ಇದೆ. ಎಲ್ಲಾ ಬೋಲ್ಟ್‌ಗಳನ್ನೂ ಮೊದಲು ಸಡಿಲವಾಗಿ ಹಾಕಿ, ಇಂಜಿನ್ನ ಒಂಚೂರು ಅಲ್ಲಾಡಿಸಿ ತಾನಾಗಿ ಕೂರೋಕೆ ಬಿಟ್ಟು, ಆಮೇಲೆ ಟಾರ್ಕ್ ವ್ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಪಾನಾ) ಬಿಗಿ ಮಾಡ್ಬೇಕು. ಒಂದನ್ನ ಪೂರ್ತಿ ಬಿಗಿದು ಇನ್ನೊಂದನ್ನ ಸಲಾಕೆ ಹಾಕಿ ಎಳೆದು ತೂರಿಸಿದ್ರೆ ಅದುರೋದು ಬಿಟ್ಟು ಇನ್ನೇನಾಗುತ್ತೆ.

ಪ್ಲಗ್, ಏರ್ ಫಿಲ್ಟರ್, ಕಾರ್ಬೋರೇಟರ್ ಗಲೀಜಾಗಿ ಮಿಸ್ಸಿಂಗ್ ಬಂದಾಗ ಕಮ್ಮಿ ಸ್ಪೀಡಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತೆ, ಅದನ್ನೂ ಜನ ವೈಬ್ರೇಶನ್ ಅಂತಾರೆ. ಇವು ಕಮ್ಮಿ ಖರ್ಚಿನವು, ಮೊದಲೇ ನೋಡಿ ಮುಗಿಸ್ಬೇಕು.

ಇಷ್ಟೆಲ್ಲ ನೋಡಿದ್ಮೇಲೂ ಅದುರಾಟ ಇಂಜಿನ್ ಸ್ಪೀಡ್ ಜೊತೆಗೇ ಏರ್ತಾ ಇಳೀತಾ ಇದ್ರೆ ಆವಾಗ ಕ್ರ್ಯಾಂಕ್. ಈ ಗಾಡಿಗಳ ಕ್ರ್ಯಾಂಕ್ ಒಂದೇ ತುಂಡಲ್ಲ, ಎರಡು ಚಕ್ರ, ನಡುವೆ ಒಂದು ಪಿನ್ನು, ಪ್ರೆಸ್‌ನಲ್ಲಿ ಒತ್ತಿ ಕೂರಿಸಿರೋದು. ಕಂಪನಿಲಿ ಮಿ.ಮೀ.ನ ನೂರರಲ್ಲಿ ಕೆಲವೇ ಭಾಗದಷ್ಟು ಲೆಕ್ಕದಲ್ಲಿ ನೇರ ಮಾಡಿರ್ತಾರೆ. ನಾವು ರಾಡ್ ಬದಲಾಯಿಸ್ಬೇಕಾದ್ರೆ ಆ ಪಿನ್ನನ್ನ ಒತ್ತಿ ತೆಗೆದು ಹೊಸದು ಒತ್ತಬೇಕು, ಆಮೇಲೆ ವಿ ಬ್ಲಾಕ್ (ವಿ ಆಕಾರದ ಕಚ್ಚು ಇರೋ ಆಧಾರ) ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸ್ತಾ, ತಾಮ್ರದ ಸುತ್ತಿಗೆಲಿ ತಟ್ಟಿ ತಟ್ಟಿ ನೇರಕ್ಕೆ ತರಬೇಕು. ತಾಳ್ಮೆ ಕೆಲಸ. ಗೇಜ್ ಇಲ್ದೆ ಕಣ್ಣಳತೆಲಿ, ಸ್ಕೇಲ್ ಇಟ್ಟು ನೋಡಿ ಕೊಟ್ಬಿಡೋರೂ ಇದಾರೆ, ಹಂಗೆ ಕೂರಿಸಿದ ಕ್ರ್ಯಾಂಕ್ ಮೊದಲಿಗಿಂತ ಜಾಸ್ತಿ ಅದುರುತ್ತೆ, ಮೇನ್ ಬೇರಿಂಗ್ ತಿಂದುಹಾಕುತ್ತೆ. ಚೆನ್ನಾಗಿದ್ದ ಕ್ರ್ಯಾಂಕ್‌ನ ಸುಮ್ಮನೆ ಬಿಚ್ಚಬಾರ್ದು ಅಂತ ನಾನು ಬಡ್ಕೊಳ್ಳೋದು ಇದಕ್ಕೇ, ದುಡ್ಡು ಹೋಗೋದಷ್ಟೇ ಅಲ್ಲ, ಇಲ್ಲದ ರೋಗ ಬರುತ್ತೆ.

ಬೋರ್ ಮಾಡ್ಸಿದ್ಮೇಲೆ ಅದುರೋ ಕಥೆ ಹೇಳ್ತೀನಿ ಅಂದಿದ್ನಲ್ಲ, ಅದೂ ತೂಕದ್ದೇ. ಓವರ್‌ಸೈಜ್ ಪಿಸ್ಟನ್ 0.25, 0.50, 0.75, 1.00 ಅಂತ ಬರ್ತಾವೆ, ಒಳ್ಳೇ ಕಂಪನಿಯವು ದೊಡ್ಡದಾದ್ರೂ ತೂಕ ಹಿಡಿತದಲ್ಲಿ ಇಟ್ಟಿರ್ತಾರೆ, ಅಗ್ಗದವು ಒಳಗಡೆ ದಪ್ಪ ಇರ್ತಾವೆ. ಕ್ರ್ಯಾಂಕ್‌ನ ಎದುರು ತೂಕ ಹಳೇ ಪಿಸ್ಟನ್‌ಗೆ ಲೆಕ್ಕ ಹಾಕಿ ಇಟ್ಟಿದ್ದು. ಬೋರ್ ಮಾಡಿಸೋರು ಹಳೇ ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿಸಿ ಒಂದ್ಸಲ, ಹೊಸದನ್ನ ಒಂದ್ಸಲ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಗೆ ಇಟ್ಟು ನೋಡ್ರಿ, ಗ್ರಾಂ ಲೆಕ್ಕದಲ್ಲಿ ಬಹಳ ವ್ಯತ್ಯಾಸ ಬಂದ್ರೆ ಪಿಸ್ಟನ್ ವಾಪಸ್ ಕೊಡ್ರಿ.

ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿ, ಹಳೇ ಬುಲೆಟ್ ಇಟ್ಕೊಂಡೋರಿಗೆ ಇನ್ನೊಂದು ಮಾತು, ಇವುಗಳಲ್ಲಿ ಇಂಜಿನ್‌ನಿಂದ ಕ್ಲಚ್‌ಗೆ ಒಳಗಡೇನೂ ಒಂದು ಚೈನ್ ಇದೆ, ಅದು ಸಡಿಲ ಆದ್ರೂ ಕ್ರ್ಯಾಂಕ್ ಹೋದಂಗೇ ಸದ್ದು ಮಾಡಿ ಅದುರಿಸುತ್ತೆ, ಎಡಗಡೆ ಕವರ್ ತೆಗೆದು ನೋಡೋಕೆ ಇಂಜಿನ್ ಇಳಿಸೋ ಅಗತ್ಯಾನೇ ಇಲ್ಲ.

ಈಗ ನನ್ನ ಬೇಡಿಕೆ. ಮೆಕ್ಯಾನಿಕ್‌ಗಳನ್ನ ಬೈಯೋಕೆ ಬರೀತಿಲ್ಲ ನಾನು, ಅವರೂ ನಮ್ಮೋರೇ, ಗಾಡಿ ಓಡಿಸಿ ಅರ್ಧ ಗಂಟೆ ತಲೆ ಕೆಡಿಸ್ಕೊಂಡು "ಬೋಲ್ಟ್ ಸಡಿಲ ಐತಿ" ಅಂತ ಹೇಳಿದ್ರೆ ಗಿರಾಕಿ ಐವತ್ತು ರೂಪಾಯಿ ಕೊಟ್ಟು ಹೋಗ್ತಾನೆ, ಇಂಜಿನ್ ಇಳಿಸಿದ್ರೆ ಸಾವಿರ ಸಾವಿರ ಕೊಡ್ತಾನೆ, ಹಂಗಿದ್ಮೇಲೆ ಯಾರು ತಾನೇ ಹುಡುಕ್ತಾ ಕೂರ್ತಾರೆ? ರೋಗ ಹುಡುಕೋದಕ್ಕೇ ಒಂದು ರೇಟ್ ಇಡ್ರಿ, ಬೋರ್ಡ್ ಮೇಲೆ ಬರೀರಿ, ಗಿರಾಕಿಗಳೂ ಚೌಕಾಸಿ ಮಾಡ್ದೆ ಕೊಡ್ರಿ. ನಮ್ಮ ಜಿಲ್ಲೆಗೆ ಯಂತ್ರದ ಕೆಲಸ ಹೊಸದಲ್ಲ, ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನೋರು 1941ರಿಂದ ಲೇತ್ ಮಾಡಿ ದೇಶಕ್ಕೆಲ್ಲ ಕಳಿಸ್ತಿದ್ರು, ಅಲ್ಲಿ ಕೆಲಸ ಮಾಡಿದೋರು ಇವತ್ತೂ ಊರಲ್ಲಿದಾರೆ, ಡಯಲ್ ಗೇಜ್ ಹಿಡಿಯೋದು ಅವರಿಗೆ ನೀರು ಕುಡಿದಷ್ಟು ಸುಲಭ. ದಾವಣಗೆರೆ, ಚಿತ್ರದುರ್ಗದ ಐಟಿಐಗಳವರು ಅಂಥೋರನ್ನ ಕರೆಸಿ, ಪಿ.ಬಿ. ರೋಡ್ ಉದ್ದಕ್ಕೂ ಇರೋ ಸಣ್ಣ ಗ್ಯಾರೇಜ್ ಹುಡುಗ್ರಿಗೆ ಸಂಜೆ ಹೊತ್ತು ಗೇಜ್ ಹಚ್ಚೋದು, ಟಾರ್ಕ್ ವ್ರೆಂಚ್ ಬಳಸೋದು, ಗಾಡಿ ಓಡಿಸಿ ಅದುರಾಟ ಬೇರ್ಪಡಿಸೋದು ಹೇಳ್ಕೊಡ್ಲಿ. ಸರ್ಟಿಫಿಕೇಟ್ ಬೇಕಿಲ್ಲ, ಗ್ಯಾರೇಜ್ ಮುಚ್ಚೋ ಹೊತ್ತಿಗೆ ಶುರು ಮಾಡಿದ್ರೆ ಹುಡುಗ್ರು ಬಂದೇ ಬರ್ತಾರೆ. ಯಾವುದಾದ್ರೂ ಐಟಿಐ ಮುಂದೆ ಬಂದ್ರೆ ನನ್ನ ವಿ ಬ್ಲಾಕ್, ಗೇಜ್, ಪ್ರೆಸ್‌ನಲ್ಲಿ ಹಾಳಾಗಿ ಬಂದ ಹಳೇ ಕ್ರ್ಯಾಂಕ್‌ಗಳು ಎಲ್ಲಾನೂ ಕಲಿಯೋಕೆ ಕೊಡ್ತೀನಿ, ಭಾನುವಾರ ನಾನೂ ಬಂದು ನಿಲ್ತೀನಿ.

ಇಂತಿ,
ಒಬ್ಬ ಲೇತ್ ಕೆಲಸಗಾರ, ದಾವಣಗೆರೆ